ತೆರಿಗೆ ಬಿಟ್ಟರೆ ದೇಶ ಎದ್ದೀತೇ?

ಪತ್ರ: ಆಫ್ರಿಕಾದ ಮೊಜಾಂಬಿಕ್ ಬಗ್ಗೆ ಬರೆದಿದ್ದೀರಿ. ಯುದ್ಧದಿಂದ ಹಾಳಾದ ದೇಶ ದೊಡ್ಡ ಕಂಪನಿಗಳಿಗೆ ತೆರಿಗೆ ಬಿಟ್ಟುಕೊಟ್ಟರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ, ಅಲ್ವಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಖಾಸಗಿ ಬಂಡವಾಳ ಬೇಕು ಎನ್ನುವುದರಲ್ಲಿ ತಕರಾರಿಲ್ಲ. 1992ರಲ್ಲಿ ಅಂತರ್ಯುದ್ಧ ಮುಗಿಸಲು ರೋಮ್‌ನಲ್ಲಿ ಶಾಂತಿ ಒಪ್ಪಂದವಾದಾಗ ಆ ದೇಶದ ಕೈ ಖಾಲಿಯಾಗಿತ್ತು. ರಸ್ತೆ, ರೈಲು ಹಾಳಾಗಿದ್ದವು. ಹೊಲಗಳಲ್ಲಿ ನೆಲಬಾಂಬ್ ಇದ್ದವು. ಅವನ್ನೆಲ್ಲ ತೆಗೆದಾಯಿತು ಎಂದು ಘೋಷಿಸಿದ್ದೇ 2015ರಲ್ಲಿ.

ನಿಮ್ಮ ಮಾತಿಗೆ ಸಾಕ್ಷಿಯೂ ಉಂಟು. ರಾಜಧಾನಿ ಮಪುಟೊ ಹತ್ತಿರ ಮೊಜಾಲ್ ಅಲ್ಯೂಮಿನಿಯಂ ಕಾರ್ಖಾನೆ 2000ರಲ್ಲಿ ಶುರುವಾಯಿತು. ನೂರು ಕೋಟಿ ಡಾಲರ್‌ಗೂ ಜಾಸ್ತಿ ಹೂಡಿಕೆ. ಆದಾಯ ತೆರಿಗೆ ಇಲ್ಲ, ವಹಿವಾಟಿನ ಮೇಲೆ ಶೇ. 1 ಮಾತ್ರ. ರಫ್ತು ಜಿಗಿಯಿತು. ಇಲ್ಲಿ ದುಡ್ಡು ಹಾಕಬಹುದು ಎಂಬ ಧೈರ್ಯ ಹೊರಗಿನವರಿಗೆ ಬಂತು. ಆದರೆ ಕಚ್ಚಾವಸ್ತುವಾದ ಅಲ್ಯೂಮಿನಾ ಬರುತ್ತಿದ್ದುದು ಹೊರದೇಶದಿಂದ, ಲೋಹ ಹೋಗುತ್ತಿದ್ದುದೂ ಹೊರದೇಶಕ್ಕೆ. ಕಾರ್ಖಾನೆಯ ನೌಕರರು ಸಾವಿರದ ಆಸುಪಾಸು ಇದ್ದರು.

ಗೇರುಬೀಜದ ಕಥೆ ಬೇರೆ. ಮಂಗಳೂರಿನವರಾದ ನಿಮಗೆ ಇದು ಬೇಗ ಅರ್ಥವಾಗುತ್ತದೆ. 1990ರ ದಶಕದಲ್ಲಿ ಸರ್ಕಾರ ತನ್ನ ಗೇರು ಕಾರ್ಖಾನೆಗಳನ್ನು ಖಾಸಗಿಯವರಿಗೆ ಮಾರಿತು. ಕೊಂಡವರಲ್ಲಿ ಸ್ಥಳೀಯ ವ್ಯಾಪಾರಿಗಳೂ ಇದ್ದರು. ಆಮೇಲೆ ವಿಶ್ವಬ್ಯಾಂಕ್ ಒತ್ತಾಯಕ್ಕೆ ಕಚ್ಚಾ ಬೀಜದ ರಫ್ತು ಸುಂಕ ಇಳಿಸಲಾಯಿತು. ಬೀಜ ಹಡಗು ಹತ್ತಿ ಭಾರತಕ್ಕೆ ಬಂತು, ನಮ್ಮ ಫ್ಯಾಕ್ಟರಿಗಳಿಗೆ ಕೆಲಸ ಸಿಕ್ಕಿತು. ಅಲ್ಲಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಮುಚ್ಚಿದವು. ಸಾವಿರಾರು ಜನ, ಅವರಲ್ಲಿ ಬಹಳಷ್ಟು ಹೆಂಗಸರು, ಕೆಲಸ ಕಳೆದುಕೊಂಡರು. ರೈತರಿಗಾದರೂ ಒಳ್ಳೆಯ ಬೆಲೆ ಸಿಕ್ಕಿತೇ ಎಂದರೆ ಅದೂ ಅಷ್ಟಕ್ಕಷ್ಟೆ. ನಡುವಿನ ವ್ಯಾಪಾರಿಗಳ ಪಾಲು ದೊಡ್ಡದಿತ್ತು.

ಅಲ್ಲೂ ಖಾಸಗಿ ದುಡ್ಡೇ ಬಂದಿತ್ತು, ನೋಡಿ. ಹಾಕಿದ ಮೇಲೆ ನಿಯಮ ಬದಲಾಯಿತು, ಅಷ್ಟೇ. ಮೊಜಾಲ್‌ಗೆ ಸಿಕ್ಕ ಗಟ್ಟಿ ಭರವಸೆ ಊರಿನವನಿಗೆ ಸಿಗಲಿಲ್ಲ. 1999ರಲ್ಲಿ ಅಲ್ಲಿನ ಸಂಸತ್ತು ಸುಂಕವನ್ನು ಮತ್ತೆ ಏರಿಸಿತು. ದೇಶದ ಉತ್ತರದ ನಂಪುಲಾ ಕಡೆ ಚಿಕ್ಕ ಕಾರ್ಖಾನೆಗಳು ಮತ್ತೆ ಎದ್ದವು. ನನ್ನ ಕೇಳಿದರೆ ತೆರಿಗೆ ವಿನಾಯಿತಿಗಿಂತ ನಿಯಮ ನಡುವೆ ಬದಲಾಗದು ಎಂಬ ನಂಬಿಕೆಯೇ ಮೊದಲು ಬೇಕು.

ದೊಡ್ಡವರಿಗೂ ಬರೀ ರಿಯಾಯಿತಿ ಸಾಲದು. ಉತ್ತರದ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ ಫ್ರಾನ್ಸ್‌ನ ಟೋಟಲ್ ಕಂಪನಿಯ ಭಾರಿ ಅನಿಲ ಯೋಜನೆ ಇದೆ. 2021ರ ಮಾರ್ಚ್‌ನಲ್ಲಿ ಬಂಡುಕೋರರು ಪಕ್ಕದ ಪಾಲ್ಮಾ ಪಟ್ಟಣಕ್ಕೆ ನುಗ್ಗಿದರು. ಮರುತಿಂಗಳೇ ಕಂಪನಿ ಕೆಲಸ ನಿಲ್ಲಿಸಿತು. ಆ ಯೋಜನೆಯಲ್ಲಿ ನಮ್ಮ ಸರ್ಕಾರಿ ಕಂಪನಿಗಳಾದ ಒಎನ್‌ಜಿಸಿ ವಿದೇಶ್, ಭಾರತ್ ಪೆಟ್ರೋಲಿಯಂ, ಆಯಿಲ್ ಇಂಡಿಯಾಗಳ ಪಾಲು ಒಟ್ಟು ಶೇ. 30. ಸಿಕ್ಕಿಬಿದ್ದದ್ದರಲ್ಲಿ ನಮ್ಮ ದುಡ್ಡೂ ಇತ್ತು.
– ಸಂ.