ಕಂತು ತಾನಾಗಿ ನಿಲ್ಲದಾಗ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಕರು, ನಲವತ್ತು ದಾಟಿದವರು, ಪತ್ನಿಯ ಒತ್ತಾಯಕ್ಕೆ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿದ್ದೆ ಸಾಲುತ್ತಿರಲಿಲ್ಲ, ತರಗತಿಯಲ್ಲಿ ಮಕ್ಕಳ ಮೇಲೆ ಕಾರಣವಿಲ್ಲದೆ ಸಿಡುಕುತ್ತಿದ್ದರು. “ಮೊಬೈಲಿನಲ್ಲಿ ಸರಣಿಯ ಒಂದೇ ಕಂತು ನೋಡಿ ಮಲಗುವುದೆಂದೇ ಕೂರುವುದು ಮೇಡಂ, ಏಳುವಾಗ ಗಂಟೆ ಎರಡಾಗಿರುತ್ತದೆ. ನನಗೆ ಮನಸ್ಸಿನ ಹಿಡಿತವೇ ಇಲ್ಲವೆಂದು ತೋರುತ್ತದೆ” ಎಂದರು.

ಪತ್ನಿಯ ಸಂಕಟ ಬೇರೆಯದಾಗಿತ್ತು. ಸಂಜೆ ಏಳೂವರೆಗೆ ಅತ್ತೆ ಚಾವಡಿಯಲ್ಲಿ ಒಬ್ಬರೇ ಧಾರಾವಾಹಿ ನೋಡುತ್ತಾರೆ, ಪ್ಲಸ್ ಟೂ ಓದುವ ಮಗಳು ಮಾಳಿಗೆಯಲ್ಲಿ ತನ್ನ ಮೊಬೈಲಿನಲ್ಲಿ ಮಲಯಾಳಂ ಸರಣಿ ನೋಡುತ್ತಾಳೆ, ರಾತ್ರಿಯಾದರೆ ಗಂಡ ಇಯರ್‌ಫೋನ್ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿರುತ್ತಾರೆ. “ರಿಮೋಟಿಗಾಗಿ ಜಗಳವಾಡುತ್ತಿದ್ದ ಕಾಲವೇ ಒಳ್ಳೆಯದಿತ್ತು, ಆಗ ಎಲ್ಲರೂ ಒಂದೇ ಕೋಣೆಯಲ್ಲಾದರೂ ಇದ್ದೆವು” ಎಂದು ಆಕೆ ಹೇಳಿದಾಗ ಅಧ್ಯಾಪಕರು ತಲೆ ತಗ್ಗಿಸಿದರು.

ಇದನ್ನು ಮನಸ್ಸಿನ ದೌರ್ಬಲ್ಯವೆಂದು ನಾನು ಒಪ್ಪಲಿಲ್ಲ. ಟಿವಿಯ ಧಾರಾವಾಹಿ ಅರ್ಧ ಗಂಟೆಗೆ ತಾನಾಗಿ ನಿಲ್ಲುತ್ತಿತ್ತು, ಉಳಿದ ಕಥೆಗೆ ನಾಳೆಯವರೆಗೆ ಕಾಯಲೇಬೇಕಿತ್ತು. 2013ರಲ್ಲಿ ನೆಟ್‌ಫ್ಲಿಕ್ಸ್ ತನ್ನ ದೊಡ್ಡ ಸರಣಿಯೊಂದರ ಎಲ್ಲ ಕಂತುಗಳನ್ನು ಒಂದೇ ದಿನ ಬಿಡುಗಡೆ ಮಾಡಿತು. 2016ರ ಜನವರಿಯಲ್ಲಿ ಅದು ಭಾರತಕ್ಕೆ ಬಂದಿತು, ಅದೇ ಸೆಪ್ಟೆಂಬರಿನಲ್ಲಿ ಜಿಯೋ ಆರಂಭವಾಗಿ ಮೊಬೈಲ್ ಡೇಟಾ ಅಗ್ಗವಾಯಿತು. 2017ರಲ್ಲಿ ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್, ತಮ್ಮ ಪೈಪೋಟಿ ನಿದ್ದೆಯೊಂದಿಗೆ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದ್ದರು. ನಿಲ್ಲಿಸುವ ಹೊಣೆ ಹೀಗೆ ವಾಹಿನಿಯಿಂದ ನೋಡುಗನ ತಲೆಗೆ ಬಂದಿದೆ, ಅದೂ ದಿನವೆಲ್ಲ ದುಡಿದು ಬಳಲಿದ ಹೊತ್ತಿನಲ್ಲಿ.

ಮಾತು ಮುಂದುವರಿದಾಗ ಇನ್ನೊಂದು ವಿಷಯ ಹೊರಬಂದಿತು. ಶಾಲೆ, ತೋಟ, ತಾಯಿಯ ಔಷಧಿ ಎಲ್ಲ ಮುಗಿದ ಮೇಲೆ ತಮ್ಮದೆನ್ನಲು ಅವರಿಗೆ ಉಳಿಯುತ್ತಿದ್ದುದು ಆ ರಾತ್ರಿಯ ಹೊತ್ತು ಮಾತ್ರ. ಹಾಗಿರುವಾಗ ನೋಡುವುದನ್ನೇ ಬಿಡಿ ಎನ್ನುವುದು ಅನ್ಯಾಯ. ಅವರ ಬಿಡುವಿನ ಹೊತ್ತು ರಾತ್ರಿ ಎಂಟೂವರೆಗೆ ಬರುವಂತೆ ಮನೆಗೆಲಸವನ್ನು ಹಂಚಿಕೊಳ್ಳಲು ದಂಪತಿಗೆ ಹೇಳಿದೆ.

ಒಂದು ಕಂತು ಮುಗಿದೊಡನೆ ಮುಂದಿನದನ್ನು ತಾನಾಗಿ ಶುರುಮಾಡುವ ಆಟೋಪ್ಲೇ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಅಲ್ಲಿಯೇ ನನ್ನೆದುರು ಆಫ್ ಮಾಡಿಸಿದೆ. ಮುಖ್ಯವಾಗಿ, ಕಂತಿನ ಕೊನೆಯಲ್ಲಿ ನಿಲ್ಲಿಸಬೇಡಿ, ನಡುವೆ ನಿಲ್ಲಿಸಿ ಎಂದೆ. ಬಾಗಿಲು ತಟ್ಟಿದ ಸದ್ದು, ತೆರೆದವರ ಬೆಚ್ಚಿದ ಮುಖ, ಅಲ್ಲಿಗೆ ಕತ್ತಲು: ಕಥೆಗಾರರು ಕುತೂಹಲದ ಗಂಟು ಹಾಕುವುದು ಕೊನೆಯ ನಿಮಿಷದಲ್ಲಿ. ನಡುವಿನ ಸಾಧಾರಣ ದೃಶ್ಯವೊಂದರಲ್ಲಿ ಏಳುವುದು ಅದಕ್ಕಿಂತ ಎಷ್ಟೋ ಸುಲಭ. ಮೊಬೈಲ್ ಚಾರ್ಜಿಗೆ ಚಾವಡಿಯಲ್ಲಿರಲಿ, ಏಳುವ ಹೊತ್ತು ರಜಾದಿನಗಳಲ್ಲೂ ಬದಲಾಗದಿರಲಿ ಎಂದೂ ಸೂಚಿಸಿದೆ. ಇಷ್ಟಾಗಿಯೂ ನಿದ್ದೆ ಬಾರದಿದ್ದರೆ ಅಥವಾ ಮನಸ್ಸು ಕುಗ್ಗುತ್ತಲೇ ಇದ್ದರೆ ವೈದ್ಯರನ್ನು ಕಾಣಲೇಬೇಕು.

ಮುಂದಿನ ಭೇಟಿಯಲ್ಲಿ ನಿದ್ದೆ ಸುಧಾರಿಸಿತ್ತು, ಆದರೆ ಶನಿವಾರದ ರಾತ್ರಿಗಳು ಇನ್ನೂ ಕೈತಪ್ಪುತ್ತಿದ್ದವು. ತಾಯಿಯ ಧಾರಾವಾಹಿಗೆ ವಾರದಲ್ಲಿ ಕೆಲವು ಸಂಜೆ ಜೊತೆಗೆ ಕೂರುತ್ತಿದ್ದರು. ಮಗಳಿಗೂ ಬುದ್ಧಿ ಹೇಳಬೇಕೆಂದು ಅವರು ಕೇಳಿಕೊಂಡರು. ತಂದೆಯ ಮೊಬೈಲ್ ಕೆಲವು ತಿಂಗಳು ಮಲಗುವ ಕೋಣೆಯಿಂದ ಹೊರಗಿರಲಿ, ಆಮೇಲೆ ಅವಳೊಡನೆ ಮಾತನಾಡೋಣ ಎಂದು ತಿಳಿಸಿದ್ದೇನೆ.