ಬೆಂಚಿನ ಮೇಲೆ ಕೂತ ಆ ಒಂದು ಸೀಸನ್

ನಾನು ಆಪ್ತಸಮಾಲೋಚಕಿ. ಇದು ಕೆಲಸ ಕಳೆದುಕೊಂಡು ನನ್ನ ಹತ್ತಿರ ಬಂದ ಒಬ್ಬ ಹುಡುಗನ ಕಥೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಆತನ ಒಪ್ಪಿಗೆಯೂ ಇದೆ. "ವಾಲಿಬಾಲ್ ಅನ್ನೋದನ್ನ ಮಾತ್ರ ಬದಲಿಸಬೇಡಿ ಮೇಡಂ" ಅಂದಿದ್ದ. ಬದಲಿಸಿಲ್ಲ.

ವಯಸ್ಸು 26. ಮೂರು ವರ್ಷ ಒಂದೇ ಕಡೆ ಕೆಲಸ. ಒಂದು ಬೆಳಿಗ್ಗೆ ಹದಿನೈದು ನಿಮಿಷದ ವಿಡಿಯೊ ಕಾಲ್, ಇಡೀ ತಂಡಕ್ಕೆ ಕೆಲಸ ಇಲ್ಲ ಅಂದರು, ಮಧ್ಯಾಹ್ನಕ್ಕೆ ಲಾಗಿನ್ ಬಂದ್. ಎರಡು ತಿಂಗಳು ಹೇಗೋ ತಳ್ಳಿ, ಬಾಡಿಗೆ ಮನೆ ಖಾಲಿ ಮಾಡಿ ಅಪ್ಪ ಅಮ್ಮನ ಮನೆಗೆ ವಾಪಸ್ ಬಂದಿದ್ದ. ನನ್ನ ಹತ್ತಿರ ಕರೆತಂದದ್ದು ಅಕ್ಕ. "ರಾತ್ರಿ ಎರಡರವರೆಗೂ ಹಳೇ ಮ್ಯಾಚಿನ ವಿಡಿಯೊ ನೋಡ್ತಾನೆ, ಬೆಳಿಗ್ಗೆ ಹನ್ನೊಂದಾದರೂ ಏಳಲ್ಲ" ಅನ್ನೋದು ಆಕೆಯ ದೂರು.

ಯಾವ ಮ್ಯಾಚ್ ಅಂತ ಕೇಳಿದೆ. ಕಾಲೇಜಿನ ಕೊನೆಯ ವರ್ಷದ ಫೈನಲ್, ಐದನೇ ಸೆಟ್, 13-13. ಐದನೇ ಸೆಟ್ 15ಕ್ಕೇ, ಎರಡು ಪಾಯಿಂಟ್ ಮುಂದಿದ್ದರೆ ಮುಗಿಯುತ್ತದೆ, ಹಾಗಾಗಿ ಸತತ ಎರಡು ಪಾಯಿಂಟಿನ ಮಾತು. ಈತ ಸೆಟ್ಟರ್. ಅಂದರೆ ಚೆಂಡನ್ನು ಎತ್ತಿಕೊಡುವ ಎರಡನೇ ಟಚ್ ಸಾಮಾನ್ಯವಾಗಿ ಈತನದು, ಹೊಡೆಯುವವರು ಬೇರೆ. ಹೇಳ್ತಾ ಹೇಳ್ತಾ ಎರಡೂ ಕೈ ತಾವಾಗಿಯೇ ಹಣೆಯ ಮೇಲಕ್ಕೆ ಹೋದವು. ಹತ್ತೂ ಬೆರಳು ಅಗಲವಾಗಿ, ಹೆಬ್ಬೆರಳುಗಳು ಒಂದಕ್ಕೊಂದು ಹತ್ತಿರ ಬಂದು, ನಡುವೆ ಒಂದು ಚೆಂಡು ಕೂರುವಷ್ಟು ಜಾಗ. ಬಲಗೈ ಕಿರುಬೆರಳು ಸ್ವಲ್ಪ ಸೊಟ್ಟ. ಅಷ್ಟು ಹೊತ್ತು ನೆಲ ನೋಡಿಕೊಂಡಿದ್ದವನು ಆಗ ಮೊದಲ ಸಲ ತಲೆ ಎತ್ತಿದ. ಆಮೇಲೆ ಕೈ ಕೆಳಗಿಳಿಯಿತು, ಮುಖವೂ ಇಳಿಯಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಎರಡು ವಾರ ಆ ವಿಡಿಯೊ ನೋಡಬೇಡಿ, ನಿದ್ದೆ ಸರಿಹೋಗಲಿ ಅಂದೆ. ಸರಿ ಅಂತ ತಲೆ ಆಡಿಸಿ ಹೋದವನು ಎರಡು ವಾರ ಬರಲೇ ಇಲ್ಲ. ಮೂರನೇ ವಾರ ಬಂದು ಸಿಟ್ಟಿನಲ್ಲೇ ಹೇಳಿದ: "ನನಗೂ ಏನೋ ಬರುತ್ತೆ ಅಂತ ಅನ್ನಿಸೋದೇ ಆ ಹತ್ತು ನಿಮಿಷ. ನೀವು ಅದನ್ನೂ ಬಿಡಿ ಅಂದ್ರಿ." ಸರಿಯಾಗೇ ಹೇಳಿದ. ಕ್ಷಮೆ ಕೇಳಿದೆ.

ಆವತ್ತು ಇನ್ನೊಂದು ಪ್ರಶ್ನೆಯನ್ನೂ ನೇರವಾಗಿ ಕೇಳಿದೆ, ಸಾಯಬೇಕು ಅನ್ನಿಸಿದೆಯಾ ಅಂತ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗೆ ಅಂತ ಮನೆಯವರು ಹೆದರುತ್ತಾರೆ. ಹಾಗೇನೂ ಆಗಲ್ಲ, ಎಷ್ಟೋ ಜನಕ್ಕೆ ಯಾರಾದರೂ ಕೇಳಿದರಲ್ಲ ಅಂತ ಹಗುರ ಆಗುತ್ತೆ. "ಬೇಜಾರು ತುಂಬಾ ಇದೆ, ಅಷ್ಟು ದೂರ ಹೋಗಿಲ್ಲ" ಅಂದ. ಹೋಗಿದ್ದರೆ ಅದೇ ದಿನ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

"ಕೆಲಸ ಎಲ್ಲರಿಗೂ ಹೋಗುತ್ತೆ, ನಾನೊಬ್ಬನೇ ಯಾಕೆ ಹೀಗೆ ಮಲಗಿಬಿಟ್ಟೆ" ಅನ್ನೋದು ಆತನನ್ನು ಜಾಸ್ತಿ ಕೊರೆಯುತ್ತಿತ್ತು. ಅದಕ್ಕೆ ಒಂದು ಪಟ್ಟಿ ತೋರಿಸಿದೆ. ಹೋಮ್ಸ್ ಮತ್ತು ರಾಹೆ ಅನ್ನುವ ಇಬ್ಬರು ವೈದ್ಯರು 1967ರಲ್ಲಿ ಮಾಡಿದ್ದು. ಬದುಕಿನ 43 ಬದಲಾವಣೆಗಳಿಗೆ, ಅವು ತರುವ ಒತ್ತಡ ನೋಡಿ ಅಂಕ ಕೊಟ್ಟಿದ್ದಾರೆ. ಸಂಗಾತಿಯ ಸಾವಿಗೆ 100. ಕೆಲಸದಿಂದ ತೆಗೆದುಹಾಕಿದರೆ 47, ಮದುವೆಗಿಂತ ಬರೀ ಮೂರು ಕಡಿಮೆ. ಹಣಕಾಸಿನ ಸ್ಥಿತಿ ಬದಲಾದರೆ 38, ಮನೆ ಬದಲಾದರೆ 20, ನಿದ್ದೆಯ ಕ್ರಮ ಕೆಟ್ಟರೆ 16. ಕೂಡಿದರೆ 121. ಇದೇನು ಜ್ವರ ನೋಡುವ ಥರ್ಮಾಮೀಟರ್ ಅಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ ತಾಗುತ್ತದೆ, ಆದರೂ ಒಂದೇ ಪೆಟ್ಟು ಅಂದುಕೊಂಡಿದ್ದು ನಾಲ್ಕು ಪೆಟ್ಟು ಅಂತ ಕಾಗದದ ಮೇಲೆ ಕಂಡರೆ ತಲೆಗೆ ಇಳಿಯುತ್ತೆ. "ಸ್ಕೋರ್ ಶೀಟ್" ಅಂತ ನಕ್ಕ. ನಕ್ಕಿದ್ದು ಅದೇ ಮೊದಲು.

ಇನ್ನು ಹನ್ನೊಂದಕ್ಕೆ ಏಳೋ ವಿಷಯ. ಸೋಮಾರಿತನ ಅಂತ ಅಪ್ಪ ಬೈಯುತ್ತಿದ್ದರು. 1930ರ ಸುಮಾರಿಗೆ ಆಸ್ಟ್ರಿಯಾದ ಮರಿಯೆಂಥಾಲ್ ಅನ್ನೋ ಹಳ್ಳಿಯಲ್ಲಿ ಬಟ್ಟೆ ಮಿಲ್ ಮುಚ್ಚಿತು, ಹೆಚ್ಚುಕಡಿಮೆ ಇಡೀ ಊರೇ ಕೆಲಸ ಕಳೆದುಕೊಂಡಿತು. ಮರಿ ಯಹೋದಾ ಅನ್ನೋ ಮನೋವಿಜ್ಞಾನಿ ಮತ್ತು ಜೊತೆಗಾರರು ಅಲ್ಲಿಗೆ ಹೋಗಿ ನೋಡಿದರು. ಇಷ್ಟೆಲ್ಲ ಬಿಡುವು ಸಿಕ್ಕರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಎಷ್ಟೋ ಜನ ವಾಚ್ ಕಟ್ಟುವುದನ್ನೇ ಬಿಟ್ಟಿದ್ದರು. ಕೆಲಸ ಸಂಬಳ ಮಾತ್ರ ಕೊಡಲ್ಲ, ದಿನಕ್ಕೊಂದು ಆಕಾರ ಕೊಡುತ್ತೆ, ನಾಲ್ಕು ಜನರ ಮುಖ ಕೊಡುತ್ತೆ, 'ನಾನು ಇಂಥವನು' ಅಂತ ಹೇಳಿಕೊಳ್ಳಲು ಒಂದು ಮಾತು ಕೊಡುತ್ತೆ ಅನ್ನೋದು ಯಹೋದಾ ಮುಂದೆ ಬೆಳೆಸಿದ ವಿಚಾರ. ಇದನ್ನು ಅಪ್ಪನಿಗೂ ಹೇಳಿದೆ. ಪೂರ್ತಿ ಒಪ್ಪಿದರು ಅಂತ ನನಗನ್ನಿಸಲಿಲ್ಲ, ಆದರೆ ಬೈಯೋದು ಕಮ್ಮಿಯಾಯಿತಂತೆ.

ನಿಜವಾದ ತಿರುವು ಬಂದದ್ದು ಐದನೇ ಭೇಟಿಯಲ್ಲಿ, ಅದೂ ಸುಮ್ನೆ ಕೇಳಿದ ಪ್ರಶ್ನೆಯಿಂದ. "ಆಡೋಕೆ ಆಗದೆ ಕೂತ ವರ್ಷ ಯಾವುದಾದರೂ ಇದೆಯಾ?" ತುಂಬಾ ಹೊತ್ತು ಮಾತಿಲ್ಲ. ಇತ್ತು. ಕಾಲೇಜಿನ ಎರಡನೇ ವರ್ಷ ಬ್ಲಾಕ್‌ಗೆ, ಅಂದರೆ ನೆಟ್ ಹತ್ತಿರ ಹೊಡೆತ ತಡೆಯಲು ಹಾರಿ, ಎದುರಾಳಿಯ ಪಾದದ ಮೇಲೆ ಇಳಿದು ಕಣಕಾಲು ಉಳುಕಿ ಲಿಗಮೆಂಟ್ ಹರಿದಿತ್ತು. ಒಂದಿಡೀ ಸೀಸನ್ ಬೆಂಚು. ಅದರ ವಿಡಿಯೊ ಒಂದೂ ಇಲ್ಲ, ಯಾರು ತೆಗೀತಾರೆ?

ಆ ವರ್ಷ ಏನು ಮಾಡಿದ್ರಿ ಅಂತ ಒಂದೊಂದಾಗಿ ಕೇಳಿದೆ. ಆಡದಿದ್ದರೂ ಪ್ರಾಕ್ಟೀಸಿಗೆ ಎಲ್ಲರಿಗಿಂತ ಮೊದಲು ಹೋಗಿ ನೆಟ್ ಕಟ್ಟುತ್ತಿದ್ದನಂತೆ. ಕುರ್ಚಿಯ ಮೇಲೆ ಕೂತು ಗೋಡೆಗೆ ದಿನಾ 200 ಸಲ ಚೆಂಡು ಹಾಕುವುದು, ಬರೀ ಬೆರಳಿನ ಕೆಲಸ. ತನ್ನ ಜಾಗದಲ್ಲಿ ಆಡುತ್ತಿದ್ದ ಜೂನಿಯರ್‌ಗೆ ಟೈಮ್‌ಔಟ್‌ನಲ್ಲಿ ಎದುರಿನ ಬ್ಲಾಕರ್ ಯಾವ ಕಡೆ ವಾಲುತ್ತಾನೆ ಅಂತ ಹೇಳಿಕೊಡುವುದು. "ಹೊಟ್ಟೆಕಿಚ್ಚು ಆಗ್ತಿತ್ತು, ಆದರೂ ಹೇಳಿಕೊಡ್ತಿದ್ದೆ" ಅಂದ.

ನನಗೆ ಬೇಕಿದ್ದದ್ದು ಈ ನೆನಪು. ಫೈನಲ್‌ನ ವಿಡಿಯೊ ಒಳ್ಳೆಯದೇ, ಆದರೆ ಅದರಲ್ಲಿ ಇರೋದು ಎಲ್ಲ ಸರಿಯಾಗಿದ್ದಾಗಿನ ಹುಡುಗ. ಈಗಿನ ಪರಿಸ್ಥಿತಿಗೆ ಬೇಕಾದ ಹುಡುಗ ಆ ಕುರ್ಚಿಯ ಮೇಲೆ ಕೂತಿದ್ದ. ಇಬ್ಬರೂ ಒಬ್ಬನೇ ಅಲ್ವಾ ಅಂದೆ.

ಅಲ್ಲಿಂದ ಸಲಹೆ ಕೊಡುವುದು ಸಲೀಸಾಯಿತು, ಯಾಕೆಂದರೆ ಎಲ್ಲವೂ ಆತನದೇ ದಿನಚರಿ. ವಿಡಿಯೊ ನೋಡಲಿ, ಆದರೆ ಸಂಜೆ, ಒಂದೇ ಸಲ, ಹಾಸಿಗೆಯಲ್ಲಿ ಬೇಡ. ಎಷ್ಟು ಹೊತ್ತಿಗೆ ಮಲಗಿದರೂ ಏಳೋದು ಏಳಕ್ಕೆ. ಅರ್ಜಿ ಹಾಕುವುದನ್ನು ಗೋಡೆಗೆ ಚೆಂಡು ಹಾಕಿದ ಹಾಗೆ ಲೆಕ್ಕ ಇಡುವುದು: ದಿನಕ್ಕೆ ಎರಡು, ಚೆನ್ನಾಗಿ ಬರೆದದ್ದು. ಉತ್ತರ ಎಷ್ಟು ಬಂತು ಅನ್ನೋದನ್ನ ಎಣಿಸೋದೇ ಬೇಡ, ಅದು ಆತನ ಕೈಯಲ್ಲಿಲ್ಲ.

ಬರೆಯುವುದನ್ನೂ ಹೇಳಿದೆ. ಕೆಲಸ ಹೋದ ದಿನದ ಬಗ್ಗೆ, ಸಿಟ್ಟು, ಅವಮಾನ ಎಲ್ಲ ಸೇರಿಸಿ, ದಿನಾ 20 ನಿಮಿಷ, ಐದು ದಿನ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲಸ ಕಳೆದುಕೊಂಡ ವೃತ್ತಿಪರರು ಹೀಗೆ ಬರೆದಾಗ, ಬರೆಯದವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತ್ತು. ಅವರು ಜಾಸ್ತಿ ಅರ್ಜಿ ಹಾಕಿದ್ದರು ಅಂತಲ್ಲ. ಒಳಗಿನ ಸಿಟ್ಟು ಇಂಟರ್ವ್ಯೂನಲ್ಲಿ ಹೊರಗೆ ಬರಲಿಲ್ಲ ಅಂತ ಕಾಣುತ್ತೆ, ಇದು ನನ್ನ ಊಹೆ. ಈತ ಮೂರು ದಿನ ಬರೆದು ಬಿಟ್ಟ. ಮೂರು ದಿನವಾದರೂ ಬರೆದನಲ್ಲ.

ಕಷ್ಟವಾಗಿದ್ದು ವಾಲಿಬಾಲ್ ತಂಡದ ವಾಟ್ಸಾಪ್ ಗ್ರೂಪ್. ತಿಂಗಳುಗಟ್ಟಲೆ ಮ್ಯೂಟ್ ಮಾಡಿಟ್ಟಿದ್ದ. ಎಲ್ಲರೂ ಸೇರಿ ಆಡೋಣ ಅಂತ ಕರೆದರೆ ಏನಾದರೂ ನೆಪ. ಭಯ ಒಂದೇ, "ಈಗ ಎಲ್ಲಿದೀಯ?" ಅನ್ನೋ ಪ್ರಶ್ನೆ. ಹಾಗಾಗಿ ಒಂದು ಉತ್ತರ ತಯಾರು ಮಾಡಿ ನನ್ನೆದುರೇ ನಾಲ್ಕು ಸಲ ಹೇಳಿಸಿದೆ: "ಕೆಲಸ ಹೋಯ್ತು ಕಣೋ, ಹುಡುಕ್ತಾ ಇದೀನಿ, ಏನಾದ್ರೂ ಇದ್ರೆ ಹೇಳು." ಮೊದಲ ಸಲ ಗಂಟಲು ಕಟ್ಟಿತು. ನಾಲ್ಕನೇ ಸಲಕ್ಕೆ "ಕಣೋ" ಅನ್ನೋದು ಸಹಜವಾಗಿ ಬಂತು. ಅಪರೂಪಕ್ಕೆ ಸಿಗುವ ಪರಿಚಯದವರಿಂದಲೇ ಎಷ್ಟೋ ಸಲ ಕೆಲಸದ ಸುಳಿವು ಸಿಗುತ್ತದೆ, ನಮಗೆ ಗೊತ್ತಿಲ್ಲದ ಜನ ಅವರಿಗೆ ಗೊತ್ತಿರುತ್ತಾರೆ ಅಂತಲೂ ಹೇಳಿದ್ದೆ.

ಒಂಬತ್ತನೇ ಭೇಟಿಗೆ ಬಲಗೈಯ ಎರಡು ಬೆರಳಿಗೆ ಟೇಪ್ ಸುತ್ತಿಕೊಂಡು ಬಂದ. ಭಾನುವಾರ ಆಡಲು ಹೋಗಿದ್ದನಂತೆ. ಪ್ರಶ್ನೆ ಬಂತಾ ಅಂದೆ. ಬಂತು, ಹೇಳಿದೆ, ಅಲ್ಲಿ ಇನ್ನಿಬ್ಬರ ಕೆಲಸವೂ ಹೋಗಿದೆಯಂತೆ ಮೇಡಂ ಅಂದ. ಒಬ್ಬ ತನ್ನ ಆಫೀಸಿನಲ್ಲಿ ಆರು ತಿಂಗಳ ಕಾಂಟ್ರ್ಯಾಕ್ಟ್ ಕೆಲಸ ಇದೆ ಅಂತ ಬಯೋಡೇಟಾ ತಗೊಂಡಿದ್ದಾನೆ. ಸಂಬಳ ಮೊದಲಿಗಿಂತ ಕಡಿಮೆ. ಗುರುವಾರ ಇಂಟರ್ವ್ಯೂ.

ಆಟ ಹೇಗಿತ್ತು ಅಂದೆ.

"ಮೊದಲ ಮೂರು ಬಾಲ್ ಡಬಲ್ ಟಚ್, ಫೌಲ್ ಮೇಡಂ. ಬೆರಳೇ ಮರೆತುಹೋಗಿದೆ" ಅಂತ ಟೇಪ್ ಸುತ್ತಿದ ಕೈಯನ್ನ ಮೇಜಿನ ಮೇಲಿಟ್ಟು ತೋರಿಸಿದ.