ತಲಪಾಡಿಯ ಆಚೆ ಈಚೆ ಶುಗರ್ ಮದ್ದಿನ ಬೆಲೆ

ಕಾಸರಗೋಡಿನವರು ಶುಗರ್ ಮದ್ದಿಗೆ ಮಂಗಳೂರಿಗೆ ಬರುವುದು ಅಲ್ಲಿ ಬೆಲೆ ಕಡಿಮೆ ಅಂತಲಾ ಎಂದು ಕೇಳಿದ್ದೀರಿ. ಅಲ್ಲ, ನಾವು ಬರುವುದು ಡಾಕ್ಟರಿಗಾಗಿ. ಗಡಿಯ ಪಕ್ಕದ ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರಿನ ಬಳಿಯ ದೇರಳಕಟ್ಟೆಯ ಆಸ್ಪತ್ರೆಗಳೇ ಹತ್ತಿರ. 2020ರಲ್ಲಿ ಕೊರೋನಾ ಸಮಯದಲ್ಲಿ ಕರ್ನಾಟಕವು ಎರಡು ರಾಜ್ಯಗಳ ಗಡಿಯಾದ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಕಾಸರಗೋಡಿನ ರೋಗಿಗಳ ಪಾಡು ಕೇರಳ ಹೈಕೋರ್ಟಿನವರೆಗೂ ಹೋಗಿತ್ತು.

ಬೆಲೆಯ ಮಿತಿ ಗಡಿಯ ಎರಡೂ ಕಡೆ ಒಂದೇ. ಅದನ್ನು ಹೇಳುವುದು ಕೇಂದ್ರದ 2013ರ ಔಷಧ ಬೆಲೆ ನಿಯಂತ್ರಣ ಆದೇಶ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮದ್ದಿಗೆ ಗರಿಷ್ಠ ಬೆಲೆ ಕಟ್ಟುತ್ತಾರೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಮಾಮೂಲಿ ಇನ್ಸುಲಿನ್ ಆ ಪಟ್ಟಿಯಲ್ಲಿವೆ. 2022ರಲ್ಲಿ ಟೆನೆಲಿಗ್ಲಿಪ್ಟಿನ್, ಇನ್ಸುಲಿನ್ ಗ್ಲಾರ್ಜಿನ್ ಸೇರಿದವು. ಆದರೆ ಈಗ ಡಾಕ್ಟರು ಜಾಸ್ತಿ ಬರೆಯುವ ಸಿಟಾಗ್ಲಿಪ್ಟಿನ್, ಡಾಪಾಗ್ಲಿಫ್ಲೋಜಿನ್ ಅದರಲ್ಲಿ ಸೇರಲಿಲ್ಲ. ಪಟ್ಟಿಯ ಹೊರಗಿನ ಮದ್ದಿನ ಬೆಲೆಯನ್ನು ಕಂಪನಿ ವರ್ಷಕ್ಕೆ ಶೇ. 10ರವರೆಗೆ ಏರಿಸಬಹುದು. ತಿಂಗಳು ತಿಂಗಳೂ ಜೀವನವಿಡೀ ನುಂಗುವ ಮಾತ್ರೆ ಇದು!

2014ರಲ್ಲಿ ಮದ್ದಿನ ಬೆಲೆ ಕಟ್ಟುವ ಕೇಂದ್ರದ ಬೆಲೆ ಪ್ರಾಧಿಕಾರ ಒಂದು ಒಳ್ಳೆಯ ಹೆಜ್ಜೆ ಇಟ್ಟಿತ್ತು. ಪಟ್ಟಿಯಲ್ಲಿಲ್ಲದ ಶುಗರ್ ಮತ್ತು ಹೃದಯದ 108 ಔಷಧಿಗಳಿಗೂ ಸಾರ್ವಜನಿಕ ಹಿತದ ಹೆಸರಿನಲ್ಲಿ ಮಿತಿ ಹಾಕಿತು. ಕೆಲವೇ ತಿಂಗಳಲ್ಲಿ, ಮುಂದೆ ಹಾಗೆ ಮಾಡಲು ಇದ್ದ ಮಾರ್ಗಸೂಚಿಯನ್ನೇ ಕೇಂದ್ರ ಸರ್ಕಾರ ವಾಪಸ್ ತೆಗೆಸಿತು. ಅದು ತಪ್ಪು ಅಂತ ನನಗೆ ಈಗಲೂ ಅನಿಸುತ್ತದೆ.

ಬೆಲೆ ಇಳಿಯಲು ಸಾಧ್ಯ ಅನ್ನುವುದನ್ನು 2025ರ ಮಾರ್ಚ್‌ನಲ್ಲಿ ಎಲ್ಲರೂ ನೋಡಿದರು. ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮದ್ದಿನ ಪೇಟೆಂಟ್, ಅಂದರೆ ಒಂದೇ ಕಂಪನಿಗಿದ್ದ ಹಕ್ಕು, ಮುಗಿಯಿತು. ಸುಮಾರು 60 ರೂಪಾಯಿಯ ಮಾತ್ರೆಗೆ ಬದಲಾಗಿ ಬೇರೆ ಕಂಪನಿಗಳ, 10 ರೂಪಾಯಿಗೂ ಕಡಿಮೆಯ ಮಾತ್ರೆಗಳು ಬಂದವು.

ಆದರೆ ಕಡಿಮೆ ಬೆಲೆಯ ಮಾತ್ರೆ ಬಂದ ಮಾತ್ರಕ್ಕೆ ಅದು ನಮ್ಮ ಕೈಗೆ ಬರುವುದಿಲ್ಲ. ಮಂಗಳೂರಿನ ಡಾಕ್ಟರು ಚೀಟಿಯಲ್ಲಿ ಕಂಪನಿಯ ಹೆಸರು ಬರೆದಿರುತ್ತಾರೆ. ಆ ಚೀಟಿ ಹಿಡಿದು ಊರಿನ ಮೆಡಿಕಲ್‌ಗೆ ಹೋದರೆ ಆ ಹೆಸರಿನದ್ದು ಇಲ್ಲ ಅನ್ನುತ್ತಾರೆ. ಅದೇ ಮದ್ದು ಬೇರೆ ಹೆಸರಿನಲ್ಲಿ, ಅರ್ಧ ಬೆಲೆಗೆ ಕಪಾಟಿನಲ್ಲಿ ಇರಬಹುದು. ಅಂಗಡಿಯವನು ಅದನ್ನು ಕೊಡುವ ಹಾಗಿಲ್ಲ. 1945ರ ಔಷಧ ನಿಯಮಗಳು ಚೀಟಿ ಬೇಕಾದ ಮದ್ದನ್ನು, ಒಳಗಿರುವುದು ಒಂದೇ ಆದರೂ, ಬದಲಿಸಿ ಕೊಡಬಾರದು ಎನ್ನುತ್ತವೆ. ಪಾಪ, ವಯಸ್ಸಾದವರು ಒಂದು ಮಾತ್ರೆಪಟ್ಟಿಗಾಗಿ ಮತ್ತೆ ಬಸ್ ಹತ್ತುತ್ತಾರೆ. ಕೆಲವರು ಸುಮ್ನೆ ಮದ್ದೇ ಬಿಡುತ್ತಾರೆ, ಆಮೇಲೆ ಕಾಲಿನ ಗಾಯ ಒಣಗದೆ ಆಸ್ಪತ್ರೆ ಸೇರುತ್ತಾರೆ. ಗುಣಮಟ್ಟದ ಪರೀಕ್ಷೆ ಬಿಗಿ ಮಾಡಿ, ಈ ಒಂದು ನಿಯಮವನ್ನು ತಿದ್ದಿದರೆ ಹೊಸ ಸಬ್ಸಿಡಿಯೂ ಬೇಡ, ಅಲ್ವಾ?

ನಿಮ್ಮ ಪರಿಚಯದವರು ಇಲ್ಲಿದ್ದರೆ ಇಷ್ಟು ಹೇಳಿ: ಡಾಕ್ಟರ ಹತ್ತಿರ ಮದ್ದಿನ ಮೂಲ ಹೆಸರನ್ನೇ ಬರೆಸಿಕೊಳ್ಳಲಿ. ಆಗ ಜನೌಷಧಿಯಲ್ಲೂ, ಕೇರಳ ಸರ್ಕಾರದ ಕಾರುಣ್ಯ ಮದ್ದಿನಂಗಡಿಯಲ್ಲೂ ಕೇಳಬಹುದು. ಮಂಗಳೂರಿನ ಚೀಟಿಯನ್ನು ಊರಿನ ಕುಟುಂಬ ಆರೋಗ್ಯ ಕೇಂದ್ರದ ಡಾಕ್ಟರಿಗೂ ತೋರಿಸಲಿ. ಟೈಪ್ 1 ಶುಗರ್ (ದೇಹದಲ್ಲಿ ಇನ್ಸುಲಿನ್ ತಯಾರಾಗದ ಕಾಯಿಲೆ) ಇರುವ ಮಕ್ಕಳಿಗೆ ಕೇರಳದಲ್ಲಿ ಮಿಠಾಯಿ ಎಂಬ ಯೋಜನೆಯಲ್ಲಿ ಇನ್ಸುಲಿನ್ ಪುಕ್ಕಟೆ ಸಿಗುತ್ತದೆ.